ನೇಚರ್ ಕ್ಯಾಂಪ್, ಎನ್ನೆಸ್ಸೆಸ್, ಹಕ್ಕಿ ಗುಂಪು, ತೋಟದ ಮನೆ: ನಾಲ್ಕೂ ಮಾಡಿ ನೋಡಿದ್ದೀನಿ, ಯಾವ್ದಕ್ಕೆ ಹೋಗ್ಬೇಕು ಅಂತ ಹೇಳ್ತೀನಿ

ನಾನು ಶಿವಮೊಗ್ಗದಲ್ಲಿ ಬಿಎಸ್ಸಿ ಓದ್ತಿರೋದು, ಬಾಟನಿ ಜುವಾಲಜಿ. ಜೂನಿಯರ್ಸ್ ಸುಮಾರು ಜನ ಕೇಳ್ತಾನೇ ಇದಾರೆ, ಲ್ಯಾಬು ಕ್ಲಾಸು ಬಿಟ್ಟು ಹೊರಗಡೆ ಏನಾದ್ರೂ ಕಲಿಬೇಕು, ಊರಿನ ಜನರ ಹತ್ರ ಕಲಿಬೇಕು, ಯಾವ್ದಕ್ಕೆ ಸೇರ್ಕೊಳ್ಳೋದು ಅಂತ. ಒಬ್ಬೊಬ್ರಿಗೆ ಫೋನಲ್ಲಿ ಹೇಳೋ ಬದಲು ಒಟ್ಟಿಗೆ ಬರೆದುಬಿಡೋಣ ಅನ್ನಿಸ್ತು. ನಾನು ಮಾಡಿ ನೋಡಿರೋದು ನಾಲ್ಕು ದಾರಿ. ದುಡ್ಡು ಕೊಟ್ಟು ಹೋಗೋ ವೀಕೆಂಡ್ ನೇಚರ್ ಕ್ಯಾಂಪ್, ಕಾಲೇಜಿನ ಎನ್ನೆಸ್ಸೆಸ್ ಕ್ಯಾಂಪ್, ಊರಲ್ಲಿರೋ ಹಕ್ಕಿ ನೋಡೋರ ಗುಂಪು ಮತ್ತೆ ಅದರ ಜೊತೆ ಬರೋ ಆಪ್‌ಗಳು, ಕೊನೇದು ಸಾಗರ ತಾಲೂಕಿನ ಒಂದು ಹಳ್ಳೀಲಿ ಫ್ರೆಂಡ್ ಮನೇಲಿ ಉಳ್ಕೊಂಡು ತೋಟ, ಗದ್ದೆ, ಬೆಟ್ಟದ ಕೆಲಸಕ್ಕೆ ಕೈ ಹಾಕಿ ಕಲಿಯೋದು.

ನನ್ನ ಅಭಿಪ್ರಾಯ ಮೊದಲೇ ಹೇಳ್ತೀನಿ, ಪೂರ್ತಿ ಓದೋಕೆ ಟೈಮ್ ಇಲ್ದೋರಿಗೆ ಅನುಕೂಲ ಆಗ್ಲಿ. ಹಳ್ಳಿ ಮನೆ ಎಲ್ಲದಕ್ಕಿಂತ ಮೇಲೆ, ಅದರ ಹಿಂದೇನೆ ಹಕ್ಕಿ ಗುಂಪು, ಆಮೇಲೆ ಎನ್ನೆಸ್ಸೆಸ್, ಕೊನೆಗೆ ಕ್ಯಾಂಪ್. ಆದ್ರೆ ಕಾಡು ಅಂದ್ರೆ ಹೆದರಿಕೆ ಇರೋರು, ಮನೇಲಿ ಹಳ್ಳಿಗೆ ಕಳಿಸಲ್ಲ ಅನ್ನೋರು, ಇವರಿಗೆ ಈ ಲೆಕ್ಕ ಉಲ್ಟಾ ಆಗಬಹುದು, ಅದನ್ನೂ ಹೇಳ್ತೀನಿ.

ಕ್ಯಾಂಪ್‌ದು ಬೇಗ ಮುಗಿಸ್ತೀನಿ. ಆಗುಂಬೆ ಕಡೆ ಎರಡು ದಿನದ್ದು, ಒಂದು ಖಾಸಗಿಯವರು ಮಾಡ್ತಿದ್ದಿದ್ದು. (ಅಲ್ಲಿ 2005ರಲ್ಲಿ ಹಾವು ತಜ್ಞ ರೋಮುಲಸ್ ವಿಟೇಕರ್ ಶುರು ಮಾಡಿದ ಮಳೆಕಾಡು ಸಂಶೋಧನಾ ಕೇಂದ್ರ ಇದ್ಯಲ್ಲ, ಕಾಳಿಂಗ ಸರ್ಪಕ್ಕೆ ರೇಡಿಯೋ ಟ್ರಾನ್ಸ್‌ಮಿಟರ್ ಹಾಕಿ ಹಿಂಬಾಲಿಸಿದ್ರಲ್ಲ, ನಾನು ಹೋಗಿದ್ದು ಅದಕ್ಕಲ್ಲ, ಬೇರೇದು.) ಆಗುಂಬೇಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಹಾಗಾಗಿ ಮಳೆಗಾಲದ ರಾತ್ರಿ ಟಾರ್ಚ್ ಹಿಡ್ಕೊಂಡು ಹಳ್ಳದ ಪಕ್ಕ ನಡೆದ್ರೆ ಕಪ್ಪೆ ಸದ್ದಿಗೆ ಪಕ್ಕದವರ ಮಾತೇ ಕೇಳಲ್ಲ. ಗೈಡ್ ಚೆನ್ನಾಗೇ ಹೇಳ್ಕೊಟ್ರು. ಮಲಬಾರ್ ಪಿಟ್ ವೈಪರ್ ಅನ್ನೋ ಹಾವು ಒಂದೇ ಜಾತಿ ಆದ್ರೂ ಒಂದು ಹಸಿರು, ಒಂದು ಕಂದು, ಒಂದು ಹಳದಿ ಇರತ್ತೆ ಅನ್ನೋದನ್ನ ಎದುರಿಗೇ ತೋರಿಸಿದ್ರು, ಅದು ಯಾವ ಸ್ಲೈಡಲ್ಲೂ ಹಾಗೆ ಮನಸ್ಸಿಗೆ ಹತ್ತಲ್ಲ. ಉಂಬಳ (ಕಾಡಿನ ಜಿಗಣೆ) ಕಚ್ಚಿದ್ರೆ ಕಿರುಚೋ ಅಭ್ಯಾಸ ನನಗೆ ಬಿಟ್ಟಿದ್ದೂ ಅಲ್ಲೇ.

ಆದ್ರೆ ಊರಿನ ಜನರ ಹತ್ರ ಕಲಿಯೋದು ಅನ್ನೋ ಲೆಕ್ಕದಲ್ಲಿ ನೋಡಿದ್ರೆ ಕ್ಯಾಂಪಲ್ಲಿ ಊರವರು ಎಲ್ಲಿದ್ರು ಅಂದ್ರೆ ಅಡುಗೆಮನೇಲಿ. ಗೈಡ್ ಹೊರಗಿನವರು, ಅಡುಗೆಗೆ ಬಂದಿದ್ದ ಅಮ್ಮ ಅಲ್ಲಿಯವರು. ಅವರು ಮರಗೆಸದ ಎಲೇಲಿ ಪತ್ರೊಡೆ ಮಾಡಿದ್ರು, ನಾನು ಪಾತ್ರೆ ತೊಳೆಯೋ ನೆಪದಲ್ಲಿ ಹೋಗಿ ಕೂತೆ, ಕೇಳಿದ್ದಕ್ಕೆ ಹೇಳಿದ್ರು, ಮರಗೆಸ ಅಂದ್ರೆ ಮರದ ಕವಲಲ್ಲಿ ಮಳೆಗಾಲದಲ್ಲಿ ಮಾತ್ರ ಚಿಗುರೋದು, ನೆಲದ ಕೆಸದಲ್ಲಿ ಎಲ್ಲಾ ಜಾತಿನೂ ತಿನ್ನೋಕೆ ಬರಲ್ಲ, ಹುಳಿ ಸರಿಯಾಗಿ ಹಾಕದೇ ಇದ್ರೆ ಗಂಟಲು ತುರಿಸತ್ತೆ. ಆ ತುರಿಕೆಗೆ ಕಾರಣ ಎಲೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟ್ ಹರಳು, ಸೂಜಿ ಥರ ಇರತ್ತೆ, ನಾವು ಫಸ್ಟ್ ಇಯರ್ ಪ್ರಾಕ್ಟಿಕಲ್‌ನಲ್ಲಿ ಮೈಕ್ರೋಸ್ಕೋಪಲ್ಲಿ ನೋಡಿ ಚಿತ್ರ ಬರೆದಿದ್ವಿ, ಅದನ್ನ ಅಡುಗೆಮನೇಲಿ ಹೇಗೆ ಸಂಭಾಳಿಸ್ತಾರೆ ಅನ್ನೋದು ಅವತ್ತು ಗೊತ್ತಾಯ್ತು. ಎರಡು ದಿನದ ಕ್ಯಾಂಪಲ್ಲಿ ಅವರ ಜೊತೆ ಕೂತಿದ್ದು ಅರ್ಧ ಗಂಟೆ ಇರಬಹುದು ಅಷ್ಟೇ, ಶೆಡ್ಯೂಲಲ್ಲಿ ಅದಕ್ಕೆ ಜಾಗ ಇರ್ಲಿಲ್ಲ, ಮುಂದಿನ ಸೆಷನ್‌ಗೆ ಕರೆದ್ರು. ಖರ್ಚು ಸುಮಾರು ಮೂರು ಸಾವಿರ, ಓದೋ ಹುಡುಗರಿಗೆ ಅದು ಜಾಸ್ತಿ.

ಎನ್ನೆಸ್ಸೆಸ್‌ನಲ್ಲಿ ಖರ್ಚಿನ ಮಾತೇ ಇಲ್ಲ. 1969ರಿಂದ ನಡ್ಕೊಂಡು ಬಂದಿರೋ ಯೋಜನೆ, ವರ್ಷಕ್ಕೆ 120 ಗಂಟೆ ಲೆಕ್ಕದಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಏಳು ದಿನದ ಸ್ಪೆಷಲ್ ಕ್ಯಾಂಪ್ ಒಂದು ಹಳ್ಳೀಲಿ. ಬೆಳಿಗ್ಗೆ ಚರಂಡಿ, ಕೆರೆ ದಂಡೆ ಸ್ವಚ್ಛ ಮಾಡೋದು, ಮಧ್ಯಾಹ್ನ ಉಪನ್ಯಾಸ, ಸಂಜೆ ಬೀದಿ ನಾಟಕ. ಏಳು ದಿನ ಒಂದೇ ಊರಲ್ಲಿ ಇರೋದು ಅಂದ್ರೆ ಸಣ್ಣ ವಿಷಯ ಅಲ್ಲ, ಮೂರನೇ ದಿನಕ್ಕೆ ಮನೆಯವರು ಹೆಸರು ಹಿಡಿದು ಕರೀತಾರೆ, ಹಳ್ಳಿ ಕಂಡೇ ಇರದ ನಮ್ಮ ಕ್ಲಾಸಿನ ಸಿಟಿ ಹುಡುಗರಿಗೆ ಅದರಿಂದ ನಿಜವಾಗ್ಲೂ ಒಳ್ಳೇದಾಯ್ತು. ಇದನ್ನ ನಾನು ಮನಸಾರೆ ಹೇಳ್ತೀನಿ.

ಆ ಕ್ಯಾಂಪಲ್ಲೇ ನಾನು ನೋಡಿದ ಒಂದು ವಿಷಯ ಮಾತ್ರ ಇವತ್ತಿಗೂ ಯೋಚನೆ ಮಾಡಿಸತ್ತೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತೀಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಅಂತ ಒಂದು ರಿಜಿಸ್ಟರ್ ಮಾಡ್ಬೇಕು, ಊರಲ್ಲಿ ಯಾವ ಗಿಡ, ಯಾವ ಭತ್ತದ ತಳಿ, ಯಾವ ಮೀನು, ಯಾರಿಗೆ ಏನು ಗೊತ್ತು ಎಲ್ಲ ಬರೆದಿಡೋದು. ಒಳ್ಳೇ ಐಡಿಯಾ, ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅವರೆಲ್ಲ ಇದರ ಹಿಂದೆ ಕೆಲಸ ಮಾಡಿದ್ದು. ನಮ್ಮ ಕ್ಯಾಂಪಲ್ಲಿ ಅದಕ್ಕೆ ಅಂತ ಒಂದು ಮಧ್ಯಾಹ್ನ ಸಮುದಾಯ ಭವನದಲ್ಲಿ ಹಿರಿಯರನ್ನ ಪ್ಲಾಸ್ಟಿಕ್ ಚೇರಲ್ಲಿ ಕೂರಿಸಿ ಫಾರಂ ಹಿಡ್ಕೊಂಡು ಕೇಳಿದ್ವಿ, ನಿಮ್ಮೂರಲ್ಲಿ ಯಾವ ಔಷಧಿ ಗಿಡ ಇದೆ ಅಂತ. ತುಳಸಿ, ಬೇವು, ಅಮೃತಬಳ್ಳಿ, ಒಂದೆಲಗ ಅಂದ್ರು, ಸುಮ್ಮನಾದ್ರು. ಮರುದಿನ ಬೆಳಿಗ್ಗೆ ಅದೇ ಗುಂಪಲ್ಲಿದ್ದ ಒಬ್ಬ ಅಜ್ಜಿ ದನ ಹೊಡ್ಕೊಂಡು ಹೊರಟಿದ್ರು, ನಾನು ಇನ್ನೊಬ್ಬಳು ಜೊತೆಗೆ ಹೋದ್ವಿ, ಬೇಲಿ ದಾಟೋದ್ರೊಳಗೆ ನೋಟ್‌ಬುಕ್ಕಿನ ಒಂದು ಪುಟ ತುಂಬ್ತು. ಇದು ದನ ಮೂಸಿ ಬಿಡತ್ತೆ, ಇದು ಬಾಣಂತಿಗೆ, ಇದರ ಹಾಲು ಕಣ್ಣಿಗೆ ಬಿದ್ರೆ ಕಷ್ಟ, ಈ ಕಾಯಿ ಮೀನಿಗೆ ಅಮಲು ಬರ್ಸತ್ತೆ. ಹಿಂದಿನ ದಿನ ಅವರಿಗೆ ನೆನಪಿರ್ಲಿಲ್ಲ ಅಂತಲ್ಲ, ಗಿಡ ಎದುರಿಗೆ ಇಲ್ದೇ ಇದ್ರೆ ಆ ಮಾತು ಬಾಯಿಗೆ ಬರಲ್ಲ. ಕೇಳೋ ಜಾಗ ಮತ್ತೆ ಟೈಮು ಸರಿ ಇರಬೇಕು, ಎನ್ನೆಸ್ಸೆಸ್‌ನಲ್ಲಿ ಎರಡನ್ನೂ ನಾವೇ ಫಿಕ್ಸ್ ಮಾಡ್ತೀವಿ, ಅಲ್ಲೇ ಕೊರತೆ ಇರೋದು.

ಟೈಮಿನ ಬಗ್ಗೆ ಇನ್ನೂ ಒಂದು ಸೀರಿಯಸ್ ಮಾತಿದೆ. ಇಂಥ ಕ್ಯಾಂಪೆಲ್ಲ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಬರತ್ತೆ, ಮಳೆ ಇರಲ್ಲ, ಓಡಾಡೋಕೆ ಸುಲಭ ಅಂತ. ಮಲೆನಾಡಲ್ಲಿ ಮಂಗನ ಕಾಯಿಲೆ ಸೀಸನ್ನೂ ಅದೇ, ಹೆಚ್ಚುಕಮ್ಮಿ ಡಿಸೆಂಬರ್‌ನಿಂದ ಮೇವರೆಗೆ. 1957ರಲ್ಲಿ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತಾಗಲೇ ಇದನ್ನ ಮೊದಲು ಗುರುತಿಸಿದ್ದು, ಅದಕ್ಕೇ ಕ್ಯಾಸನೂರು ಫಾರೆಸ್ಟ್ ಡಿಸೀಸ್ ಅಂತ ಹೆಸರು. ಉಣುಗು (ಉಣ್ಣೆ ಹುಳ) ಕಚ್ಚಿ ಬರೋದು. ಹಳ್ಳಿಯವರು ಆ ಟೈಮಲ್ಲಿ ದರಗು (ಒಣ ಎಲೆ) ತರೋಕೆ ಹೋಗೋ ಮುಂಚೆ ಉಣುಗು ಹತ್ತದ ಹಾಗೆ ಕೈ ಕಾಲಿಗೆಲ್ಲ ಡೆಪಾ ಎಣ್ಣೆ ಹಚ್ಕೋತಾರೆ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ, ಬಟ್ಟೆ ಬೇರೆ ಇಡೋದು, ಸತ್ತ ಮಂಗ ಕಂಡ್ರೆ ಹತ್ರ ಹೋಗದೇ ಆಸ್ಪತ್ರೆಗೋ ಪಂಚಾಯ್ತಿಗೋ ತಿಳಿಸೋದು. ಈ ಶಿಸ್ತು ಅವರಿಗೆ ಮೈಗೂಡಿದೆ. ಕಾಲೇಜಿನಿಂದ ಹೋಗೋ ಯಾರೇ ಆದ್ರೂ ಇದನ್ನ ಕೇಳಿ ತಿಳ್ಕೊಂಡೇ ಕಾಡಿಗೆ ಕಾಲಿಡಿ, ದಯವಿಟ್ಟು.

ಈಗ ಹಕ್ಕಿ ಗುಂಪು. ಇದು ನನಗೆ ತುಂಬಾ ಇಷ್ಟ. ದುಡ್ಡಿಲ್ಲ, ಮೆಂಬರ್‌ಶಿಪ್ ಇಲ್ಲ, ಭಾನುವಾರ ಬೆಳಿಗ್ಗೆ ಆರಕ್ಕೆ ಬಂದ್ರೆ ಆಯ್ತು. ಗುಂಪಲ್ಲಿ ಬ್ಯಾಂಕಲ್ಲಿ ಕೆಲಸ ಮಾಡೋರು, ರಿಟೈರ್ಡ್ ಮೇಷ್ಟ್ರು, ಫೋಟೋ ಸ್ಟುಡಿಯೋದವರು ಎಲ್ಲ ಇದಾರೆ. ಶಿವಮೊಗ್ಗ ಪುಣ್ಯದ ಊರು, ಊರೊಳಗೇ ತುಂಗೆ ಇದಾಳೆ, ತೀರ್ಥಹಳ್ಳಿ ರೋಡಲ್ಲಿ ಸ್ವಲ್ಪ ದೂರ ಹೋದ್ರೆ ಗಾಜನೂರು ಡ್ಯಾಂ ಹಿನ್ನೀರು, ಸಕ್ರೆಬೈಲು ಆನೆ ಬಿಡಾರ, ಇನ್ನೂ ಮುಂದೆ ಹೋದ್ರೆ ಮಂಡಗದ್ದೆ. ಮಂಡಗದ್ದೇಲಿ ಮಳೆಗಾಲದಲ್ಲಿ ಹೊಳೆ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟಿರ್ತವೆ, ಹೈವೇ ಪಕ್ಕದಲ್ಲೇ, ಬಸ್ಸಿಳಿದು ನಿಂತ್ರೆ ಕಾಣತ್ತೆ. ಮೊದಲ ಸಲ ನೋಡಿದಾಗ ನಾನು ಬೆಳ್ಳಕ್ಕಿ ಅಂದ್ರೆ ಒಂದೇ ಅನ್ಕೊಂಡಿದ್ದೆ, ಗುಂಪಿನ ಹಿರಿಯರು ಕಾಲಿನ ಬಣ್ಣ, ಕೊಕ್ಕಿನ ಬಣ್ಣ, ಕತ್ತಿನ ಬಾಗು ತೋರಿಸಿ ದೊಡ್ಡದು, ಮಧ್ಯಮದ್ದು, ಚಿಕ್ಕದು ಬೇರೆ ಮಾಡೋದು ಹೇಳ್ಕೊಟ್ರು.

ಇಲ್ಲಿ ಸಿಗೋ ದೊಡ್ಡ ಲಾಭ ಅಂದ್ರೆ ಬರೆದಿಡೋ ಶಿಸ್ತು. ನೋಡಿದ ಹಕ್ಕಿ ಬರೆದಿಡೋ ಇಬರ್ಡ್ ಅನ್ನೋ ಆಪಲ್ಲಿ ಲಿಸ್ಟ್ ಹಾಕುವಾಗ ಎಷ್ಟು ಹೊತ್ತು ನೋಡಿದ್ರಿ, ಎಷ್ಟು ದೂರ ನಡೆದ್ರಿ, ಗುರುತು ಸಿಕ್ಕಿದ್ದನ್ನೆಲ್ಲ ಬರೆದ್ರಾ ಅಂತ ಕೇಳತ್ತೆ. ಆ ಕೊನೆ ಪ್ರಶ್ನೆಗೆ ಹೌದು ಅಂದ್ರೆ ಮಾತ್ರ, ನೀವು ಬರೀದೇ ಇರೋ ಹಕ್ಕಿ ಅವತ್ತು ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅನ್ನೋದೂ ಒಂದು ಮಾಹಿತಿ ಆಗತ್ತೆ. ಗುಬ್ಬಿ, ಕಾಗೆ, ಮೈನಾನೂ ಎಣಿಸ್ಬೇಕು, ಅಪರೂಪದ್ದು ಮಾತ್ರ ಬರೆದ್ರೆ ಉಪಯೋಗ ಇಲ್ಲ. ಫೆಬ್ರವರೀಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅಂತ ಬರತ್ತೆ, ಕನಿಷ್ಠ ಹದಿನೈದು ನಿಮಿಷ ಒಂದು ಜಾಗದಲ್ಲಿ ನೋಡಿ ಲಿಸ್ಟ್ ಹಾಕೋದು, ಕಾಲೇಜ್ ಕ್ಯಾಂಪಸ್ಸಲ್ಲೇ ಮಾಡ್ಬಹುದು. ಡೇಟಾ ಅಂದ್ರೆ ಏನು ಅಂತ ನನಗೆ ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿಗಿಂತ ಚೆನ್ನಾಗಿ ತಿಳಿದಿದ್ದು ಇದರಿಂದ.

ಆಪ್‌ಗಳಿಗೆ ಒಂದು ಮಿತಿ ಇದೆ, ಮಲೆನಾಡಲ್ಲಿ ಅದು ಬೇಗ ಗೊತ್ತಾಗತ್ತೆ. ಮರ್ಲಿನ್ ಅಂತ ಆಪ್ ಇದೆ, ಸದ್ದು ಕೇಳಿ ಹಕ್ಕಿ ಹೆಸರು ಹೇಳತ್ತೆ, ಅಮೆರಿಕದ ಕಾರ್ನೆಲ್‌ನವರದ್ದು, ತುಂಬಾ ಒಳ್ಳೆ ಆಪ್. ಸಾಗರದ ಹಳ್ಳೀಲಿ ಒಂದಿನ ಬೆಳಿಗ್ಗೆ ಅದನ್ನ ಆನ್ ಮಾಡಿ ಹಿಡ್ಕೊಂಡಿದ್ದೆ, ಗಿಡುಗ ಅಂತು, ಇನ್ಯಾವುದೋ ಹೆಸರು ಹೇಳ್ತು, ಮತ್ತೊಂದು ಹೇಳ್ತು, ಒಂದರ ಹಿಂದೆ ಒಂದು. ಪಕ್ಕದಲ್ಲಿ ದನ ಕಾಯ್ತಿದ್ದ ಹುಡುಗ ತಲೆ ಎತ್ತದೇನೆ ಹೇಳಿದ, ಅದೆಲ್ಲ ಒಂದೇ, ಭೀಮರಾಜ, ಎಲ್ಲರ ಥರ ಕೂಗತ್ತೆ ಅಂತ. ಬಾಲದಲ್ಲಿ ಎರಡು ಉದ್ದ ಗರಿ ತೂಗಾಡಿಸ್ಕೊಂಡು ಅದು ಹಾರಿ ಹೋಗಿದ್ದು ಆಮೇಲೆ ಕಾಣ್ತು. ಭೀಮರಾಜ ಬೇರೆ ಹಕ್ಕಿಗಳ ದನಿ ಅನುಕರಣೆ ಮಾಡತ್ತೆ ಅಂತ ಪುಸ್ತಕದಲ್ಲೂ ಇದೆ, ಆದ್ರೆ ಆ ಕ್ಷಣದಲ್ಲಿ ಯಾವುದು ಅಸಲಿ ಯಾವುದು ನಕಲು ಅಂತ ಹೇಳೋಕೆ ಆ ಕಾಡಲ್ಲಿ ದಿನಾ ಇರೋ ಕಿವಿ ಬೇಕು.

ಹಾಗಾಗಿ ನಾಲ್ಕನೇದಕ್ಕೆ ಬರ್ತೀನಿ, ಇದರ ಬಗ್ಗೆ ಜಾಸ್ತಿ ಬರಿಯೋದಿದೆ.

ಫ್ರೆಂಡ್ ಮನೆ ಅಡಿಕೆ ತೋಟದವರು, ಜೊತೆಗೆ ಸ್ವಲ್ಪ ಗದ್ದೆ, ಹಿಂದೆ ಸೊಪ್ಪಿನ ಬೆಟ್ಟ. ನಾನು ಮೊದಲು ಹೋಗಿದ್ದು ಮಳೆ ಶುರುವಾಗೋ ಮುಂಚೆ, ಬೋರ್ಡೋ ದ್ರಾವಣ ಹೊಡಿಯೋ ಟೈಮಿಗೆ. ಅಡಿಕೆಗೆ ಕೊಳೆ ಬರದೇ ಇರ್ಲಿ ಅಂತ ಹೊಡಿಯೋದು, ಒಂದು ಸಲ ಮಳೆಗೆ ಮುಂಚೆ, ಇನ್ನೊಂದು ಸಲ ನಲವತ್ತು ನಲವತ್ತೈದು ದಿನ ಬಿಟ್ಟು. ಕೊಳೆ ಫೈಟಾಫ್ತೊರಾ ಅನ್ನೋ ಶಿಲೀಂಧ್ರದಂಥ ಜೀವಿಯಿಂದ ಬರತ್ತೆ ಅಂತ ನಾನು ಪ್ಲಾಂಟ್ ಪೆಥಾಲಜೀಲಿ ಓದಿದ್ದೆ, ನೂರು ವರ್ಷದ ಹಿಂದೆ ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆ ನೋಡ್ಕೋತಿದ್ದ ಲೆಸ್ಲಿ ಕೋಲ್ಮನ್ ಇದನ್ನ ಅಧ್ಯಯನ ಮಾಡಿ 1910ರಲ್ಲಿ ಬರೆದಿದ್ರು, ಬೋರ್ಡೋ ಹೊಡೆದ್ರೆ ತಡೀಬಹುದು ಅಂತ ತೋರಿಸಿದ್ದೂ ಅವರೇ. ಅಷ್ಟು ಗೊತ್ತಿತ್ತು. ಮಾಡೋದು ಹೇಗೆ ಅಂತ ಗೊತ್ತಿರ್ಲಿಲ್ಲ.

ಒಂದು ಪ್ಲಾಸ್ಟಿಕ್ ಡ್ರಮ್ಮಲ್ಲಿ 50 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಇನ್ನೊಂದರಲ್ಲಿ 50 ಲೀಟರ್‌ಗೆ ಒಂದು ಕೆಜಿ ಸುಣ್ಣ, ಸುಣ್ಣದ್ದನ್ನ ಸೋಸ್ಬೇಕು, ಇಲ್ಲಾಂದ್ರೆ ನಾಝಲ್ ಕಟ್ಕೊಳತ್ತೆ. ಆಮೇಲೆ ತುತ್ತದ ನೀರನ್ನ ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ತಾ ತಿರುವ್ತಾ ಇರಬೇಕು, ಉಲ್ಟಾ ಹೊಯ್ಯೋ ಹಾಗಿಲ್ಲ. ತಿರುವ್ತಿದ್ದ ಹಾಗೇ ಆಕಾಶದ ನೀಲಿ ಬಣ್ಣ ಬಂತು. ಆಗ ಮನೆ ಯಜಮಾನ್ರು ತಿಕ್ಕಿ ಹೊಳೆಯೋ ಹಾಗೆ ಮಾಡಿದ್ದ ಒಂದು ಕಬ್ಬಿಣದ ಚಾಕು ತಗೊಂಡು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿದ್ರು, ಎತ್ತಿ ಬೆಳಕಿಗೆ ತೋರಿಸಿದ್ರು, ಅಂಚಲ್ಲಿ ತೆಳ್ಳಗೆ ಕೆಂಪು ಕೂತಿತ್ತು. ಸುಣ್ಣ ಸಾಲದು ಅಂದ್ರು. ಇನ್ನಷ್ಟು ಸುಣ್ಣದ ನೀರು ಬಿತ್ತು, ಚಾಕು ಮತ್ತೆ ತಿಕ್ಕಿ ಅದ್ದಿದ್ರು, ಈ ಸಲ ಹಾಗೇ ಬಿಳಿ ಹೊಳಪು. ಈಗ ಸರಿ, ಇಲ್ಲದಿದ್ರೆ ಎಳೆ ಮಿಳ್ಳೆ (ಸಣ್ಣ ಅಡಿಕೆ ಕಾಯಿ) ಸುಟ್ಟು ಹೋಗತ್ತೆ ಅಂದ್ರು. ನಾನು ನಿಂತಲ್ಲೇ ನಿಂತುಬಿಟ್ಟೆ, ಕಬ್ಬಿಣ ತಾಮ್ರದ ಸಲ್ಫೇಟಿಂದ ತಾಮ್ರ ಹೊರಗೆ ಹಾಕೋ ಡಿಸ್‌ಪ್ಲೇಸ್‌ಮೆಂಟ್ ರಿಯಾಕ್ಷನ್, ಹತ್ತನೇ ಕ್ಲಾಸಿಂದ ಬರೀತಾ ಬಂದಿದೀನಿ, ಮಾರ್ಕ್ಸೂ ತಗೊಂಡಿದೀನಿ, ಅದನ್ನ ಒಬ್ಬರು ತೋಟ ಉಳಿಸ್ಕೊಳ್ಳೋಕೆ ಬಳಸೋದನ್ನ ನೋಡಿದ್ದು ಅವತ್ತೇ. ಮಾಡಿದ ದಿನಾನೇ ಹೊಡೆದು ಮುಗಿಸ್ಬೇಕು, ಹಾಗಾಗಿ ಮೋಡ ನೋಡ್ಕೊಂಡು ಎಷ್ಟು ಡ್ರಮ್ ಮಾಡೋದು ಅಂತ ಲೆಕ್ಕ. ಮೊದಲೆಲ್ಲ ಮರ ಹತ್ತಿ ಹೊಡೀತಿದ್ರಂತೆ, ಈಗ ಆ ಕೆಲಸಕ್ಕೆ ಜನ ಸಿಗೋದು ಕಷ್ಟ, ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದಲ್ಲೇ ನಿಂತು ಹೊಡೀತಾರೆ, ಕುತ್ತಿಗೆ ನೋವು ಮಾತ್ರ ಕಡಿಮೆ ಏನಿಲ್ಲ.

ಅಲ್ಲಿ ನನ್ನ ಕೆಲಸ ಏನಿತ್ತು ಅಂದ್ರೆ ತಿರುವೋದು, ಪೈಪ್ ಎಳಿಯೋದು. ಇದು ಮುಖ್ಯ. ಕ್ಯಾಂಪಲ್ಲಿ ನಾನು ಗಿರಾಕಿ, ಎನ್ನೆಸ್ಸೆಸ್‌ನಲ್ಲಿ ಸೇವೆ ಮಾಡೋಕೆ ಬಂದೋಳು, ಇಲ್ಲಿ ಕೆಲಸಕ್ಕೆ ಒಂದು ಜೊತೆ ಕೈ. ಕೈ ಕೆಲಸದಲ್ಲಿರುವಾಗ ಜನ ಮಾತಾಡೋದೇ ಬೇರೆ ಥರ, ಪಾಠ ಹೇಳ್ತಿದೀನಿ ಅಂತ ಅವರಿಗೂ ಅನ್ಸಲ್ಲ, ತಪ್ಪು ಹಿಡಿದ್ರೆ ತಕ್ಷಣ ಹಾಗಲ್ಲ ಹೀಗೆ ಅಂತಾರೆ.

ಸೊಪ್ಪಿನ ಬೆಟ್ಟಾನೂ ಹಾಗೇ. ತೋಟಕ್ಕೆ ಗೊಬ್ಬರದ ಸೊಪ್ಪು, ಕೊಟ್ಟಿಗೆಗೆ ಹಾಸು ತರೋಕೆ ಅಡಿಕೆ ಬೆಳೆಗಾರರಿಗೆ ಸರ್ಕಾರ ಬಿಟ್ಟಿರೋ ಕಾಡು ಅದು. ನಮ್ಮ ಸಿಲಬಸ್ಸಲ್ಲಿ ಫಾರೆಸ್ಟ್ ಮ್ಯಾನೇಜ್‌ಮೆಂಟ್ ಅಂತ ಅರ್ಧ ಪುಟ ಇದೆ. ಬೆಟ್ಟದಲ್ಲಿ ಆ ಮನೆಯ ಅಮ್ಮ ಹೇಳಿದ್ದು, ಮರದ ತುದಿ ಕಡೀಬಾರದು, ಒಂದೇ ಮರಕ್ಕೆ ವರ್ಷಾ ವರ್ಷಾ ಕೈ ಹಾಕಬಾರದು. ಮರ ಗುರುತು ಹಿಡಿಯೋದು ಅಂದ್ರೆ ನಾನು ಎಲೆ, ಹೂವು ಹುಡುಕ್ತೀನಿ, ಅವರು ತೊಗಟೆ ಮುಟ್ಟಿ ಹೇಳ್ತಾರೆ. ಮತ್ತಿ ಮರದ ತೊಗಟೆ ಮೊಸಳೆ ಚರ್ಮದ ಥರ ಚೌಕ ಚೌಕ ಒಡೆದಿರತ್ತೆ, ನಂದಿ ನುಣ್ಣಗೆ ಬಿಳಿಚಿಕೊಂಡು ಸಿಪ್ಪೆ ಕಳಚತ್ತೆ, ಹೊನ್ನೆಗೆ ಸ್ವಲ್ಪ ಗಾಯ ಆದ್ರೂ ಕೆಂಪು ರಸ ಸುರಿಯತ್ತೆ. ಎಲೆ ಉದುರಿರೋ ಬೇಸಿಗೇಲೂ, ಹೂವಿಲ್ಲದ ಕಾಲದಲ್ಲೂ ಇದು ಕೆಲಸ ಮಾಡತ್ತೆ. ಐನ್ಯಾಚುರಲಿಸ್ಟ್ ಆಪಿಗೆ ಬರೀ ತೊಗಟೆ ಫೋಟೋ ಕೊಟ್ಟು ನೋಡಿದೆ, ಮರ ಅನ್ನೋದು ಬಿಟ್ರೆ ಜಾಸ್ತಿ ಏನೂ ಹೇಳ್ಲಿಲ್ಲ.

ಇನ್ನು ಮೊದಲ ಜೋರು ಮಳೆಗೆ ಹತ್ತುಮೀನು. ಹಳ್ಳ ಕೆಂಪಾಗಿ ಹರಿಯೋಕೆ ಶುರುವಾದ ರಾತ್ರಿ ಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತತ್ತೆ, ಮೊಟ್ಟೆ ಇಡೋಕೆ. ಹೊಸ ನೀರು ನಿಂತ ಗದ್ದೇಲಿ ಆಳ ಇಲ್ಲ, ದೊಡ್ಡ ಮೀನಿನ ಕಾಟ ಇಲ್ಲ, ಮರಿಗೆ ತಿನ್ನೋಕೆ ಸಣ್ಣ ಹುಳ ಬೇಕಾದಷ್ಟು. ಪಕ್ಕದ ಮನೆ ಅಜ್ಜ ಕೂಣಿ (ಮೀನು ಹಿಡಿಯೋ ಬುಟ್ಟಿ) ಇಡೋ ಜಾಗ ತೋರಿಸಿದ್ರು, ನೀರು ಎಲ್ಲಿ ಕಿರಿದಾಗಿ ಧುಮುಕತ್ತೋ ಅಲ್ಲಿ, ಆದ್ರೆ ಅಡ್ಡಕ್ಕೆ ಪೂರ್ತಿ ಕಟ್ಟಲ್ಲ ಅಂದ್ರು ಅವರು, ಒಂದು ಪಕ್ಕ ಬಿಟ್ಟಿರಬೇಕು, ಎಲ್ಲಾ ಹಿಡಿದ್ರೆ ಮುಂದಿನ ವರ್ಷಕ್ಕೆ ಎಲ್ಲಿಂದ ಬರತ್ತೆ ಅಂತ. ಗದ್ದೆಗೆ ಕಳೆನಾಶಕ ಹೊಡಿಯೋಕೆ ಶುರುವಾದ ಮೇಲೆ ಮೀನು ಕಮ್ಮಿ ಆಗಿದೆ ಅಂತ ಬೇಜಾರು ಮಾಡ್ಕೊಂಡ್ರು. ರಾತ್ರಿ ಹತ್ತೂವರೆಗೆ ಜಡಿಮಳೇಲಿ ಮಳೆಗೆ ಹೊದೆಯೋ ಗೊರಬು ಹಾಕ್ಕೊಂಡು ನಡೆದ ಆ ಪಾಠ ಯಾವ ಕ್ಯಾಂಪಿನ ಶೆಡ್ಯೂಲಿಗೂ ಹಾಕೋಕಾಗಲ್ಲ, ಯಾಕಂದ್ರೆ ಯಾವತ್ತು ಅಂತ ಮೊದಲೇ ಹೇಳೋಕೆ ಬರಲ್ಲ. ಮೃಗಶಿರಾದಲ್ಲೋ ಆರಿದ್ರಾದಲ್ಲೋ ಅಂತಾರೆ ಅಷ್ಟೇ.

ಮಳೆ ನಕ್ಷತ್ರದ ವಿಷಯ ಬಂತು. ಹದಿಮೂರು ಹದಿನಾಲ್ಕು ದಿನಕ್ಕೊಂದು ನಕ್ಷತ್ರ, ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು, ಇದೆಲ್ಲ ಗಾದೆಯಾಗಿ ಕೇಳಿದ್ದೆ. ಆ ಮನೇಲಿ ಅಂಗಳದಲ್ಲಿ ಒಂದು ಮಳೆ ಮಾಪಕ ಇದೆ, ಬೆಳಿಗ್ಗೆ ಹಾಲು ಕರೆದ ಮೇಲೆ ನೋಡಿ ಡೈರೀಲಿ ಬರೀತಾರೆ, ಅಜ್ಜನ ಕಾಲದ ಡೈರಿಗಳೂ ಇವೆ, ಅಂಚಲ್ಲಿ ನಕ್ಷತ್ರದ ಹೆಸರು, ಮಿಲಿಮೀಟರು, ಪಕ್ಕದಲ್ಲಿ ಕೊಳೆ ಶುರು, ಕಾಲುಸಂಕ ಹೋಯ್ತು ಅಂತೆಲ್ಲ. ನಾನು ಅದನ್ನ ಎಕ್ಸೆಲ್‌ಗೆ ಹಾಕ್ಕೊಡೋಕೆ ಶುರು ಮಾಡಿದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯ್ತಿ ಮಟ್ಟದಲ್ಲಿ ಇಟ್ಟಿರೋ ಮಾಪಕದ ಅಂಕಿ ಜೊತೆ ಹೋಲಿಸಿದ್ರೆ ಕೆಲವು ದಿನ ತುಂಬಾ ವ್ಯತ್ಯಾಸ ಬರತ್ತೆ, ಗುಡ್ಡದ ಈ ಕಡೆ ಸುರಿದ ಮಳೆ ಆ ಕಡೆ ಇರಲ್ಲ. ಹಕ್ಕಿ ಗುಂಪಲ್ಲಿ ಕಲಿತ ಬರೆದಿಡೋ ಶಿಸ್ತು ಇಲ್ಲಿ ಕೆಲಸಕ್ಕೆ ಬಂತು, ಅದಕ್ಕೇ ಅದಕ್ಕೆ ಎರಡನೇ ಜಾಗ ಕೊಟ್ಟಿದ್ದು. ಯಾವ ಕಾಲಮ್ ಬೇಕು, ಯಾವ ದಿನ ಅಳತೆ ತಪ್ಪಿದೆ, ಖಾಲಿ ಬಿಟ್ಟಿರೋದು ಸೊನ್ನೆಯಾ ಅಥವಾ ನೋಡಿಲ್ವಾ, ಈ ಪ್ರಶ್ನೆಗಳೆಲ್ಲ ಅಲ್ಲಿಂದ ಬಂದಿದ್ದು. ಯಜಮಾನ್ರು ಗ್ರಾಫ್ ನೋಡಿ ತುಂಬಾ ಖುಷಿ ಪಟ್ರು, ಎರಡನೇ ಔಷಧಿ ಹೊಡಿಯೋಕೆ ಯಾವ ವಾರ ಬಿಡುವು ಸಿಕ್ಕಿದೆ ಅಂತ ಅವರೇ ಅದರಲ್ಲಿ ಬೆರಳಿಟ್ಟು ತೋರಿಸಿದ್ರು.

ಆಮೇಲೆ ಭೂಮಿ ಹುಣ್ಣಿಮೆ. ಆಶ್ವಯುಜದಲ್ಲಿ ಭತ್ತ ಹೊಡೆ ಬಿಚ್ಚೋ ಟೈಮಿಗೆ ಭೂಮಿತಾಯಿ ಬಸುರಿ ಅಂತ ಬಯಕೆ ಊಟ ಕೊಡೋ ಹಬ್ಬ. ಅದೇ ಊರಿನ ದೀವರು ಅನ್ನೋ ಸಮುದಾಯದ ಕೇರಿಯ ಒಂದು ಮನೆಗೆ ಕರ್ಕೊಂಡು ಹೋದ್ರು. ಹಬ್ಬದ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಿನ ಬಿಳೀಲಿ ಪುಂಡಿ ನಾರಿನ ಕುಂಚದಿಂದ ಚಿತ್ತಾರ ಬರೀತಿದ್ರು, ಎಳೆ ಒಂದು ಚೂರೂ ಸೊಟ್ಟ ಆಗಲ್ಲ, ಕೈಯೂರದೇ ಬರೀತಾರೆ. ಅದಕ್ಕಿಂತ ನನಗೆ ಬೇಕಾಗಿದ್ದು ಹಚ್ಚಂಬಲಿ, ಅಂದ್ರೆ ಹಬ್ಬಕ್ಕೆ ಸೊಪ್ಪು ಬೇಯಿಸಿ ಮಾಡೋ ಅಡುಗೆ. ನೂರೊಂದು ಬಗೆ ಕುಡಿ ಹಾಕ್ಬೇಕು ಅನ್ನೋ ಮಾತಿದೆ, ಬೆಟ್ಟ, ಬೇಲಿ, ಗದ್ದೆ ಬದು ಎಲ್ಲ ಸುತ್ತಿ ಸೊಪ್ಪು ಕೊಯ್ಯೋದು, ರಾತ್ರಿ ಬೇಯಿಸಿ ಬೆಳಕು ಹರಿಯೋ ಮುಂಚೆ ಗದ್ದೆಗೆ ಬೀರೋದು. ಹೆಂಗಸ್ರ ಜೊತೆ ಸೊಪ್ಪು ಕೊಯ್ಯೋಕೆ ಹೋದೆ, ನನ್ನ ಬುಟ್ಟಿಗೆ ಬಿದ್ದಿದ್ದನ್ನ ಒಬ್ಬರು ಒಂದೊಂದೇ ಎತ್ತಿ ಉಜ್ಜಿ ಮೂಸಿ ಇದಿರ್ಲಿ, ಇದು ಬೇಡ ಅಂತ ಬೇರೆ ಮಾಡಿದ್ರು. ಜೀವವೈವಿಧ್ಯ ದಾಖಲಾತಿಗೆ ಬೇಕಾದ ಪಟ್ಟಿ ಅಲ್ಲಿ ಬುಟ್ಟೀಲೇ ಇತ್ತು, ಆ ಒಂದು ಸಂಜೆ ಸಾಕು ಫಾರಂ ತುಂಬೋಕೆ. ನಾನು ಪ್ರತಿಯೊಂದರದ್ದೂ ಒಂದು ಕುಡಿ ಪೇಪರ್ ಮಧ್ಯೆ ಇಟ್ಕೊಂಡೆ ಅವರನ್ನ ಕೇಳಿ, ಕಾಲೇಜಿಗೆ ಬಂದು ಒಣಗಿದ ಗಿಡ ಅಂಟಿಸೋ ಹರ್ಬೇರಿಯಂ ಶೀಟ್ ಮಾಡಿ ಅವರು ಹೇಳಿದ ಹೆಸರು ಮೇಲೆ, ವೈಜ್ಞಾನಿಕ ಹೆಸರು ಕೆಳಗೆ ಬರೆದೆ. ಸುಮಾರು ಇನ್ನೂ ಗುರುತಾಗಿಲ್ಲ, ಮ್ಯಾಮ್ ಹತ್ರ ಇದೆ.

ಇದರಲ್ಲಿ ತೊಂದರೆ ಇಲ್ವಾ ಅಂದ್ರೆ ಇದೆ. ಪರಿಚಯ ಇಲ್ದೇ ಹೋಗೋಕಾಗಲ್ಲ, ಅದು ದೊಡ್ಡದು. ಎಲ್ಲರಿಗೂ ಹಳ್ಳೀಲಿ ಫ್ರೆಂಡ್ ಇರಲ್ಲ. ಹುಡುಗೀರಿಗೆ ಮನೇಲಿ ಒಪ್ಪಿಸೋದು ಕಷ್ಟ, ನಮ್ಮಮ್ಮ ಮೊದಲು ಆ ಮನೆಯವರ ಜೊತೆ ಫೋನಲ್ಲಿ ಮಾತಾಡಿದ ಮೇಲೇನೆ ಕಳಿಸಿದ್ದು. ಸರ್ಟಿಫಿಕೇಟ್ ಸಿಗಲ್ಲ. ಕೆಲವು ದಿನ ಮಳೆ ಹಿಡ್ಕೊಂಡು ಏನೂ ನಡಿಯಲ್ಲ, ಕರೆಂಟ್ ಇರಲ್ಲ, ನೆಟ್‌ವರ್ಕ್ ಇರಲ್ಲ, ಒಲೆ ಮುಂದೆ ಕೂತು ಹಲಸಿನ ಬೇಳೆ ಸುಟ್ಕೊಂಡು ತಿನ್ನೋದು ಅಷ್ಟೇ. ಮತ್ತೆ ಒಂದೇ ಮನೆ ಒಂದೇ ಊರು ನೋಡಿದ್ರೆ ಎಲ್ಲಾ ಕಡೆ ಹೀಗೇ ಅನ್ಸಿಬಿಡತ್ತೆ, ತೀರ್ಥಹಳ್ಳಿ ಕಡೆ ಬೇರೆ, ಸೊರಬದ ಕಾನು ಬೇರೆ, ಅದನ್ನ ಸರಿ ಮಾಡೋಕೆ ಹಕ್ಕಿ ಗುಂಪಿನವರ ಜೊತೆ ತಿರುಗಾಟ ಬೇಕೇ ಬೇಕು.

ಹಾಗಾದ್ರೆ ಯಾರಿಗೆ ಯಾವುದು. ಕಾಡು ರಾತ್ರಿ ಅಂದ್ರೆ ಕೈಕಾಲು ನಡುಗೋರು ಒಂದು ಸಲ ಕ್ಯಾಂಪಿಗೆ ಹೋಗಿ, ದುಡ್ಡು ಇದ್ರೆ, ಹೋದಾಗ ಅಡುಗೆಮನೆ ಕಡೆ ಜಾಸ್ತಿ ಕೂತ್ಕೊಳ್ಳಿ. ಹಳ್ಳಿ ಪರಿಚಯ ಇಲ್ದೋರು ಎನ್ನೆಸ್ಸೆಸ್ ಸೇರಿ, ಕ್ಯಾಂಪ್ ಮುಗಿದ ಮೇಲೆ ಆ ಊರಿನ ಒಂದು ಮನೆ ಸಂಪರ್ಕ ಉಳಿಸ್ಕೊಳ್ಳಿ, ಕೆಲಸದ ಟೈಮಿಗೆ ಮತ್ತೆ ಹೋಗಿ, ನಾಲ್ಕನೇ ದಾರಿಗೆ ಅದೇ ಬಾಗಿಲು. ಹಕ್ಕಿ ಗುಂಪಿಗೆ ಎಲ್ಲರೂ ಹೋಗಿ, ಅದಕ್ಕೆ ಯಾವ ಕಾರಣಾನೂ ಅಡ್ಡ ಬರಲ್ಲ, ಬೇಗ ಏಳೋದು ಬಿಟ್ರೆ.

ಹಳ್ಳಿ ಮನೆಗೆ ಹೋಗೋರಿಗೆ ಕೆಲವು ಮಾತು. ನಿಮಗೆ ರಜೆ ಯಾವಾಗ ಅಂತ ಹೇಳ್ಬೇಡಿ, ಕೆಲಸ ಯಾವಾಗ ಅಂತ ಕೇಳಿ. ಫೋಟೋ ತೆಗಿಯೋ ಮುಂಚೆ ಕೇಳಿ, ಔಷಧಿ ಗಿಡದ ವಿಷಯ ಯಾರು ಹೇಳಿದ್ರೋ ಅವರನ್ನ ಕೇಳದೇ ಎಲ್ಲೂ ಹಾಕ್ಬೇಡಿ, ಅದು ಅವರ ಮನೆತನದ ತಿಳುವಳಿಕೆ. ಊಟದ ದುಡ್ಡು ಕೊಟ್ರೆ ತಗೊಳ್ಳಲ್ಲ, ಹೋಗುವಾಗ ಶಿವಮೊಗ್ಗದಿಂದ ತರಕಾರಿ ಹಣ್ಣು ತಗೊಂಡು ಹೋಗಿ, ಮಳೆಗಾಲದಲ್ಲಿ ಅಲ್ಲಿ ತರಕಾರಿ ಕಷ್ಟ. ಉಂಬಳಕ್ಕೆ ಸುಣ್ಣ ಹೊಗೆಸೊಪ್ಪು ಅವರೇ ಕೊಡ್ತಾರೆ, ಬೇಸಿಗೇಲಿ ಹೋಗೋದಾದ್ರೆ ಡೆಪಾ ಎಣ್ಣೆ ಆ ಕಡೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.

ನಮ್ಮ ಲೆಕ್ಚರರ್‌ಗಳು ಇದನ್ನ ಓದ್ತಿದ್ರೆ ಒಂದು ವಿನಂತಿ ಇದೆ. ಬೋರ್ಡೋ ಹೊಡಿಯೋದು, ಹತ್ತುಮೀನು, ಹಚ್ಚಂಬಲಿ, ಅಡಿಕೆ ಕೊಯ್ಲು, ಇದ್ಯಾವುದೂ ನಮ್ಮ ರಜೇಲಿ ಬರಲ್ಲ, ಕ್ಲಾಸೋ ಇಂಟರ್ನಲ್ಸೋ ನಡೀತಿರೋವಾಗ್ಲೇ ಬರತ್ತೆ. ಇಂಟರ್ನ್‌ಶಿಪ್ಪು, ಪ್ರಾಜೆಕ್ಟು ಅಂತ ಹೇಗೂ ಇದೆ, ಅದರಲ್ಲಿ ಒಂದು ವಾರ ಜೂನ್‌ನಲ್ಲಿ, ಒಂದು ವಾರ ಅಕ್ಟೋಬರ್‌ನಲ್ಲಿ ಹಳ್ಳೀಲಿ ಮಾಡಿದ್ದಕ್ಕೆ ಹಾಜರಿ ಕೊಡಿ, ವೈವಾಗೆ ಆ ಮನೆಯವರನ್ನೂ ಕರೀರಿ, ನಾವು ಕಲಿತಿದೀವೋ ಇಲ್ವೋ ಅವರು ಎರಡೇ ಪ್ರಶ್ನೇಲಿ ಹೇಳಿಬಿಡ್ತಾರೆ. ಈ ವರ್ಷ ಹೋಗ್ಬೇಕು ಅನ್ನೋರು ಮೃಗಶಿರಾ ಹುಟ್ಟೋ ಮುಂಚೆ ನನಗೆ ಹೇಳಿ, ಆ ಮನೆಯವರಿಗೆ ಇನ್ನಿಬ್ಬರು ಪೈಪ್ ಎಳಿಯೋಕೆ ಬೇಕಂತೆ.